ಸಹಾಯ ಬೇಕು: ಈಜಿನ ಜೊತೆ ಜಿಮ್ ಹೇಗೆ ಹೊಂದಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವನು, ವಯಸ್ಸು 43. ಚಿಕ್ಕಂದಿನಲ್ಲಿ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತೆ. ಪೂಲ್‌ನಲ್ಲಿ ಸರಿಯಾದ ಫ್ರೀಸ್ಟೈಲ್ ಕಲಿತು ಎರಡೇ ವರ್ಷ.

ವಾರಕ್ಕೆ ಮೂರು ದಿನ ಈಜುತ್ತೇನೆ, ಎಲ್ಲ ಬರೆದಿಡುತ್ತೇನೆ. ಮಂಗಳವಾರದ ಲೆಕ್ಕ ಹೀಗಿದೆ: 200 ಮೀಟರ್ ನಿಧಾನವಾಗಿ, ಆಮೇಲೆ 100 ಮೀಟರ್ ಎಂಟು ಸಲ, ನಡುವೆ 20 ಸೆಕೆಂಡ್ ಬಿಡುವು. ಮೊದಲ ನೂರಕ್ಕೆ 2 ನಿಮಿಷ 5 ಸೆಕೆಂಡ್, ಕೊನೆಯದಕ್ಕೆ 2 ನಿಮಿಷ 24. 25 ಮೀಟರ್‌ಗೆ 20 ಇದ್ದ ಸ್ಟ್ರೋಕ್ (ಕೈ ಬೀಸುವ ಸಂಖ್ಯೆ) ಕೊನೆಗೆ 25 ಆಗುತ್ತದೆ. ಕೈ ಬೀಸುತ್ತೇನೆ, ನೀರು ಹಿಡಿತಕ್ಕೇ ಸಿಗುವುದಿಲ್ಲ.

ಜೊತೆಗೆ ಈಜುವ ಅಣ್ಣ ಒಬ್ಬರು 'ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು), ಪುಲ್‌ಅಪ್ (ಕಂಬಿ ಹಿಡಿದು ಮೈ ಮೇಲೆಳೆಯುವುದು) ಶುರು ಮಾಡಿ' ಅನ್ನುತ್ತಾರೆ. ಇನ್ನೊಬ್ಬರು 'ಮೈ ಬಿಗಿಯಾಗುತ್ತೆ, ಸುಮ್ನೆ ನೀರಲ್ಲೇ ಜಾಸ್ತಿ ಹೊತ್ತು ಇರಿ' ಅನ್ನುತ್ತಾರೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ. ನೀರು ನಮ್ಮ ಭಾರ ಹೊರುತ್ತದೆ, ಹಾಗಾಗಿ ಈಜಿನಿಂದ ಮೂಳೆಗೆ ಕೆಲಸ ಕಡಿಮೆ. ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ, ಅಲ್ವಾ?

ಆದರೆ ನನ್ನ ಬಲ ಭುಜದ್ದೇ ಚಿಂತೆ. ಒಂದು ಜಿಮ್‌ನಲ್ಲಿ ಮೊದಲ ದಿನವೇ ತಲೆ ಮೇಲಕ್ಕೆ ಭಾರ ಎತ್ತಿಸಿದರು. ಎರಡು ವಾರ ಈಜು ನಿಂತಿತು. ಈಗ ಫಿಸಿಯೋ ಹೇಳಿದಂತೆ ರಬ್ಬರ್ ಬ್ಯಾಂಡ್ ಹಿಡಿದು ಭುಜದ ಸಣ್ಣ ಸ್ನಾಯುಗಳಿಗೆ ವ್ಯಾಯಾಮ ಮಾಡುತ್ತಿದ್ದೇನೆ. ನೋವು ಇಳಿದಿದೆ, ಜಿಮ್ ಮತ್ತೆ ಶುರು ಮಾಡಬಹುದು ಅಂದಿದ್ದಾರೆ.

40 ದಾಟಿದವರು ದಯವಿಟ್ಟು ಹೇಳಿ. ಈಜಿದ ದಿನವೇ ಜಿಮ್ ಮಾಡುತ್ತೀರಾ, ಬೇರೆ ದಿನವಾ? ಭುಜಕ್ಕೆ ತೊಂದರೆ ಆಗದಂತೆ ಬೆನ್ನಿಗೆ ಏನು ಮಾಡುತ್ತೀರಿ? ನಿಮ್ಮ ಒಂದು ವಾರದ ಲೆಕ್ಕ ಹಾಕಿದರೂ ಸಾಕು. ತುಮಕೂರಿನಲ್ಲಿ ಈಜುಗಾರರ ಭುಜ ಅರ್ಥವಾಗುವ ತರಬೇತುದಾರರು ಗೊತ್ತಿದ್ದರೆ ಮೆಸೇಜ್ ಮಾಡಿ.