22/7 ಪೈ ಅಲ್ಲ

ಚಿಕ್ಕಪ್ಪ (ಫಾರ್ವರ್ಡ್): ಪೈ = 22/7. 22 ಪೂರ್ಣಾಂಕ, 7 ಪೂರ್ಣಾಂಕ. ಅಂದ ಮೇಲೆ ಪೈ ಭಾಗಲಬ್ಧ ಸಂಖ್ಯೆ, ಅಂದರೆ ಎರಡು ಪೂರ್ಣಾಂಕಗಳ ಭಿನ್ನರಾಶಿ. ಅದು ಅಭಾಗಲಬ್ಧ ಅಂತ ಶಾಲೆಯಲ್ಲಿ ಕಲಿಸಿದ್ದು ತಪ್ಪು! ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ವಾದ ಸರಿಯಾಗೇ ಇದೆ ಅಲ್ವಾ?

ನಾನು: ಇಲ್ಲ ಚಿಕ್ಕಪ್ಪ, ಮೊದಲ ಸಾಲೇ ತಪ್ಪು. 22/7 ಅಂದರೆ 3.142857142857... ಪೈ 3.14159265... ಮೂರನೇ ದಶಮಾಂಶ ಸ್ಥಾನದಲ್ಲೇ ಎರಡೂ ಬೇರೆಯಾಗುತ್ತವೆ. ಪೈ 22/7ಕ್ಕಿಂತ ಚಿಕ್ಕದು ಅಂತ ಆರ್ಕಿಮಿಡೀಸ್ ಎರಡು ಸಾವಿರ ವರ್ಷಗಳ ಹಿಂದೆಯೇ ತೋರಿಸಿದ್ದ. ಆರ್ಯಭಟನೂ 62832/20000 ಕೊಟ್ಟಾಗ ಅದು ಹತ್ತಿರದ ಬೆಲೆ ಅಂತ ಹೇಳಿಯೇ ಕೊಟ್ಟ.

ಅತ್ತೆ: 22/7 ಕೂಡ ಮುಗಿಯೋದೇ ಇಲ್ಲವಲ್ಲ. ಹಾಗಾದರೆ ಅದೂ ಅಭಾಗಲಬ್ಧ ಆಗಬೇಕಲ್ವಾ?

ನಾನು: ಮುಗಿಯುತ್ತದೋ ಇಲ್ಲವೋ ಅನ್ನುವುದು ಮುಖ್ಯ ಅಲ್ಲ ಅತ್ತೆ. 7ರಿಂದ ಭಾಗಿಸುತ್ತಾ ಹೋಗಿ. ಶೇಷ ಯಾವಾಗಲೂ 1ರಿಂದ 6ರೊಳಗೇ ಬರಬೇಕು. ಇರುವುದು ಆರೇ ಶೇಷ, ಹಾಗಾಗಿ ಹಳೆಯದೊಂದು ಮತ್ತೆ ಬರಲೇಬೇಕು. ಬಂದ ಕೂಡಲೇ ಅಂಕಿಗಳೂ ಮೊದಲಿನಂತೆಯೇ ಶುರು. ಯಾವ ಭಿನ್ನರಾಶಿಯಾದರೂ ಅಷ್ಟೇ, ಒಂದೋ ನಿಲ್ಲುತ್ತದೆ, ಇಲ್ಲ ಆವರ್ತವಾಗುತ್ತದೆ. 1/17ರಲ್ಲಿ ಆವರ್ತ 16 ಅಂಕಿ ಉದ್ದ. ತಿರುಗಿಸಿದರೂ ನಿಜ: 0.272727... ಅನ್ನು 100ರಿಂದ ಗುಣಿಸಿ, ಅದರಲ್ಲಿ ಮೂಲ ಸಂಖ್ಯೆ ಕಳೆಯಿರಿ. ಅದರ 99 ಪಟ್ಟು 27 ಅಂತ ಸಿಗುತ್ತದೆ. ಅಂದರೆ ಅದು 3/11.

ಚಿಕ್ಕಪ್ಪ: 22/7 ಬಿಡು. ಪರಿಧಿಯನ್ನು ವ್ಯಾಸದಿಂದ ಭಾಗಿಸಿದರೆ ಪೈ. ಅದು ಭಿನ್ನರಾಶಿ ಅಲ್ವಾ?

ತಂಗಿ: ಮೇಲೆ ಕೆಳಗೆ ಎರಡೂ ಪೂರ್ಣಾಂಕ ಇರಬೇಕು ಚಿಕ್ಕಪ್ಪ. ವ್ಯಾಸ ಪೂರ್ಣಾಂಕ ಆದರೆ ಪರಿಧಿ ಆಗಲ್ಲ. ಎಷ್ಟೇ ಸಣ್ಣ ಅಳತೆ ತೆಗೆದುಕೊಂಡರೂ ಎರಡನ್ನೂ ಚೂರೂ ಉಳಿಯದಂತೆ ಅಳೆಯೋಕಾಗಲ್ಲ.

ಚಿಕ್ಕಪ್ಪ: ಸುಮ್ನೆ ಹೇಳಿದರಾಯಿತಾ? ಲಕ್ಷ ಕೋಟಿ ಅಂಕಿ ಆದ ಮೇಲೆ ಆವರ್ತ ಶುರುವಾದರೆ? ಅಲ್ಲಿವರೆಗೆ ನೋಡಿದವರು ಯಾರು?

ನಾನು: ಇದು ಸರಿಯಾದ ಪ್ರಶ್ನೆ. ಎಷ್ಟು ಅಂಕಿ ನೋಡಿದರೂ ತೀರ್ಮಾನ ಆಗುವುದಿಲ್ಲ, ಸಾಧನೆಯೇ, ಅಂದರೆ ತರ್ಕದ ಪುರಾವೆಯೇ ಬೇಕು. ಪೈಗೆ ಗಣಿತಜ್ಞ ಲ್ಯಾಂಬರ್ಟ್ 1760ರ ದಶಕದಲ್ಲಿ ಕೊಟ್ಟ. ಅದು ಇಲ್ಲಿ ಟೈಪ್ ಮಾಡುವಷ್ಟು ಚಿಕ್ಕದಲ್ಲ. 2ರ ವರ್ಗಮೂಲದ್ದು ಹೇಳುತ್ತೇನೆ, ಓದಿ.

ಅದು ಭಿನ್ನರಾಶಿ ಅಂತಲೇ ಇಟ್ಟುಕೊಳ್ಳಿ. ಇನ್ನು ಸಂಕ್ಷೇಪಿಸಲು ಆಗದಷ್ಟು ಸಂಕ್ಷೇಪಿಸಿ. ಈಗ ಅಂಶದ ವರ್ಗ ಛೇದದ ವರ್ಗದ ಎರಡರಷ್ಟು. ಅಂದರೆ ಅದು ಸಮಸಂಖ್ಯೆ. ಬೆಸಸಂಖ್ಯೆಯ ವರ್ಗ ಬೆಸವೇ ಆಗಿರುವುದರಿಂದ ಅಂಶವೂ ಸಮ. ಆಗ ಅಂಶದ ವರ್ಗ 4ರಿಂದ ಭಾಗವಾಗುತ್ತದೆ. ಅದರ ಅರ್ಧ, ಅಂದರೆ ಛೇದದ ವರ್ಗ, ಅದೂ ಸಮ. ಛೇದವೂ ಸಮ. ಎರಡೂ ಸಮವಾದರೆ ಇನ್ನೂ 2ರಿಂದ ಸಂಕ್ಷೇಪಿಸಬಹುದಿತ್ತಲ್ಲ! ಆದರೆ ಪೂರ್ತಿ ಸಂಕ್ಷೇಪಿಸಿ ಆಗಿದೆ. ಹಾಗಾಗಿ ಅಂಥ ಭಿನ್ನರಾಶಿ ಇಲ್ಲವೇ ಇಲ್ಲ.

ಒಂದು ದಶಮಾಂಶ ಅಂಕಿಯನ್ನೂ ನೋಡದೆ ಕೊನೆಯಿಲ್ಲದ ಅಂಕಿಗಳ ಬಗ್ಗೆ ಖಚಿತವಾಗಿ ಹೇಳಿಬಿಟ್ಟೆವು. ಗಣಿತದಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ.

ಚಿಕ್ಕಪ್ಪ: ನಿಧಾನಕ್ಕೆ ಓದಿದೆ. 2ರದ್ದು ಒಪ್ಪಿದೆ. ಪೈದು ಸಾಧನೆ ನೋಡದೆ ಒಪ್ಪುವುದಿಲ್ಲ.

ನಾನು: ಹಾಗೇ ಇರಬೇಕು. ಭಾನುವಾರ ಪೇಪರ್ ಪೆನ್ ಹಿಡಿದು ಕೂರೋಣ.

ಅತ್ತೆ: 0.1010010001... ಹೀಗೇ ಹೋದರೆ? ಕ್ರಮ ಇದೆಯಲ್ಲ.

ತಂಗಿ: ಕ್ರಮ ಇದೆ, ಆವರ್ತ ಇಲ್ಲ ಅತ್ತೆ. ಪ್ರತಿ ಸಲ ಒಂದು ಸೊನ್ನೆ ಜಾಸ್ತಿ ಆಗುತ್ತಾ ಹೋಗುತ್ತೆ. ಅಭಾಗಲಬ್ಧವೇ.

ಚಿಕ್ಕಪ್ಪ: ಎರಡು ಅಭಾಗಲಬ್ಧ ಸಂಖ್ಯೆ ಕೂಡಿದರೆ?

ನಾನು: ಭಾಗಲಬ್ಧವೂ ಬರಬಹುದು, ಅಭಾಗಲಬ್ಧವೂ ಬರಬಹುದು. 2ರಿಂದ ಅದರ ವರ್ಗಮೂಲ ಕಳೆಯಿರಿ, ಉಳಿದದ್ದು ಅಭಾಗಲಬ್ಧ. ಅದಕ್ಕೆ ಆ ವರ್ಗಮೂಲವನ್ನೇ ಕೂಡಿದರೆ ಮತ್ತೆ 2. ಆದರೆ ಪೈಗೆ ‘ಇ’ ಅನ್ನುವ ಸಂಖ್ಯೆಯನ್ನು, ಅದೇ 2.71828..., ಕೂಡಿದರೆ ಬರುವುದು ಭಾಗಲಬ್ಧವೋ ಅಲ್ಲವೋ ಅಂತ ಇವತ್ತಿನವರೆಗೂ ಯಾರೂ ಸಾಧಿಸಿಲ್ಲ.