ಸಹಾಯ ಬೇಕು: ಊಡ್ನಡಟ್ಟಾ ಟ್ರ್ಯಾಕ್‌ನಲ್ಲಿ ಒಂಟಿ ಬೈಕ್ ಪಯಣ

ಅಡಿಲೇಡ್ ಕಡೆಯ ಕನ್ನಡಿಗರಲ್ಲಿ ವಿನಂತಿ. ಬರುವ ಜುಲೈನಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರೀಯಿಂದ ಮಾರ್ಲಾವರೆಗೆ, ಊಡ್ನಡಟ್ಟಾ ಟ್ರ್ಯಾಕ್ ಎಂಬ ಸುಮಾರು 620 ಕಿಲೋಮೀಟರ್ ಮಣ್ಣಿನ ದಾರಿಯಲ್ಲಿ, ಬೈಕಿನಲ್ಲಿ ಒಬ್ಬನೇ ಹೊರಟಿದ್ದೇನೆ. ಹಳೆಯ ಘಾನ್ ರೈಲುಮಾರ್ಗದ ಅವಶೇಷಗಳ ಪಕ್ಕದಲ್ಲೇ ಸಾಗುವ ಈ ದಾರಿಯ ಮೇಲೆ ನನಗೆ ಬಹಳ ಕಾಲದ ಮೋಹ.

ಪೆಟ್ರೋಲಿನ ಚಿಂತೆ ಅಷ್ಟಿಲ್ಲ. ದಾರಿಯಲ್ಲಿನ ವಿಲಿಯಂ ಕ್ರೀಕ್, ಊಡ್ನಡಟ್ಟಾ ಊರುಗಳೆರಡರಲ್ಲೂ ಸಿಗುತ್ತದೆ, ನಡುವಿನ ಅಂತರ 200 ಕಿಲೋಮೀಟರ್ ಆಸುಪಾಸು. ಭಯವಿರುವುದು ರಸ್ತೆಯದೇ. ತಗಡಿನ ಚಾವಣಿಯಂತೆ ಸಾಲುಸಾಲಾಗಿ ಎದ್ದ ಅಡ್ಡದಿಣ್ಣೆಗಳು ಗಂಟೆಗಟ್ಟಲೆ ಕುಲುಕಿ ನಟ್ಟುಗಳನ್ನು ಸಡಿಲಿಸುತ್ತವೆ, ಲಗೇಜ್ ಚೌಕಟ್ಟಿನ ಬೆಸುಗೆ ಬಿರುಕು ಬಿಡುತ್ತದೆ. ಇಲ್ಲಿ ಬೈಕ್ ಓಡಿಸಿದವರು ಟೈರಿಗೆ ಎಷ್ಟು ಗಾಳಿ ಇಟ್ಟಿದ್ದಿರಿ, ಗಟ್ಟಿ ಪೆಟ್ಟಿಗೆ ಒಳ್ಳೆಯದೋ ಬಟ್ಟೆಯ ಚೀಲವೋ, ದಯವಿಟ್ಟು ತಿಳಿಸಿ.

ಇದಕ್ಕಿಂತ ಮುಖ್ಯವಾದ ಕೋರಿಕೆ ಇನ್ನೊಂದಿದೆ. ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ತುರ್ತು ಬೀಕನ್ (ಉಪಗ್ರಹದ ಮೂಲಕ ರಕ್ಷಣೆಗೆ ಕರೆ ಕಳುಹಿಸುವ ಸಾಧನ) ಕೊಂಡು ನೋಂದಾಯಿಸಿದ್ದೇನೆ, ಆದರೆ ಅದು ಪ್ರಾಣಾಪಾಯಕ್ಕೆ ಮಾತ್ರ. ಸಂದೇಶ ಕಳುಹಿಸುವ ಉಪಗ್ರಹ ಸಾಧನ ಯಾರಲ್ಲಾದರೂ ಇದ್ದರೆ ಬಾಡಿಗೆಗೆ ಕೊಡುತ್ತೀರಾ? ಪ್ರತಿ ಸಂಜೆ ನನ್ನ ಸಂದೇಶಕ್ಕೆ ಕಾಯುವ, ಬಾರದಿದ್ದರೆ ಪೊಲೀಸರಿಗೆ ತಿಳಿಸುವ ಒಬ್ಬರೂ ಬೇಕು. ಮನೆಯವರು ಮೈಸೂರಿನಲ್ಲಿದ್ದಾರೆ, ಅಲ್ಲಿಂದ ಇದು ಕಷ್ಟ. ಮಳೆ ಬಿದ್ದು ರಸ್ತೆ ಮುಚ್ಚಿದರೆ ಒಂದಡಿಯೂ ಮುಂದೆ ಹೋಗುವುದಿಲ್ಲ, ಆ ಭರವಸೆ ಕೊಡುತ್ತೇನೆ. ಒಪ್ಪುವವರು ಖಾಸಗಿಯಾಗಿ ಬರೆಯಿರಿ.