ಹೊಸ ಬಡಾವಣೆಯಿಂದ ನಗರಸಭೆಗೆ ಲಾಭವಾ, ಹೊರೆಯಾ? ಲೆಕ್ಕ ಹಾಕೋದು ಹೇಗೆ?

ಕೆರೆಕೋಡಿ:
ನಮ್ಮೂರಿನ ಕೊನೆಯ ಮನೆಯಿಂದ ಸುಮಾರು ಮೂರು ಕಿಲೋಮೀಟರ್ ಆಚೆ ಇರುವ ಹೊಲಗಳನ್ನು ವಸತಿ ವಲಯ ಮಾಡ್ತಾರಂತೆ. ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ ಪೇಪರ್‌ನಲ್ಲಿ ಪ್ರಕಟಣೆ ಬಂದಿದೆ. ಯಾರನ್ನು ಕೇಳಿದರೂ ಒಂದೇ ಮಾತು, ಸೈಟ್ ಆದರೆ ಕಂದಾಯ ಬರುತ್ತೆ, ಊರು ಬೆಳೆಯುತ್ತೆ. ಆದರೆ ಈಗಿರುವ ಚರಂಡಿಯ ಹೂಳೆತ್ತಲು ಕೇಳಿದರೇ ದುಡ್ಡಿಲ್ಲ ಅನ್ನುತ್ತಾರೆ. ಅಷ್ಟು ದೂರ ಪೈಪು, ದೀಪ, ಕಸದ ಗಾಡಿ ಎಲ್ಲ ಹೋಗಬೇಕಲ್ವಾ? ಈ ಲೆಕ್ಕ ಯಾರಾದರೂ ಮಾಡ್ತಾರಾ?

ಹಳೇ ಲೆಕ್ಕಿಗ:
ನಗರಸಭೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ಮೊದಲು ಒಂದು ಸಲ ಬರುವ ದುಡ್ಡು, ವರ್ಷಾವರ್ಷ ಬರುವ ದುಡ್ಡು, ಎರಡನ್ನೂ ಬೇರೆ ಮಾಡಿ. ಅಭಿವೃದ್ಧಿ ಶುಲ್ಕ, ಪ್ಲಾನ್ ಮಂಜೂರಾತಿ ಶುಲ್ಕ ಒಂದೇ ಸಲ. ಆಮೇಲೆ ಡೆವಲಪರ್ ರಸ್ತೆ, ಪಾರ್ಕು, ನೀರಿನ ಟ್ಯಾಂಕ್ ಎಲ್ಲ ಹಸ್ತಾಂತರ ಮಾಡಿ ಹೋಗ್ತಾರೆ, ಅವತ್ತಿನಿಂದ ಡಾಂಬರು, ಬೋರ್‌ವೆಲ್ ಮೋಟರ್, ಬೀದಿ ದೀಪದ ಕರೆಂಟ್ ಬಿಲ್ ನಮ್ಮ ತಲೆಗೆ.

ಕಂದಾಯ ಎಷ್ಟು ಅಂತ ನೋಡುವ ಮೊದಲು ರಸ್ತೆ ಬದಿಯ ಅಗಲ ನೋಡಿ. 30×40 ಸೈಟಿನ ಮುಂದೆ ಮೂವತ್ತು ಅಡಿ ರಸ್ತೆ, ಮೂವತ್ತು ಅಡಿ ಪೈಪು, ಮೂವತ್ತು ಅಡಿ ಚರಂಡಿ. ಅಲ್ಲಿ ಕೆಳಗೆ ಅಂಗಡಿ, ಮೇಲೆ ಎರಡು ಮನೆ ಬಂದರೆ ಕಟ್ಟಡದ ಆ ಮೂರೂ ಭಾಗಕ್ಕೆ ತೆರಿಗೆ ಬರುತ್ತೆ. ಖಾಲಿ ಬಿದ್ದು ಪಾರ್ಥೇನಿಯಂ ಬೆಳೆದರೂ ಆ ಮೂವತ್ತು ಅಡಿಯ ಖರ್ಚು ಇದ್ದೇ ಇರುತ್ತೆ, ಖಾಲಿ ಸೈಟಿನ ಕಂದಾಯ ಮಾತ್ರ ಸಣ್ಣದು. ಊರಿನ ಅಂಚಿನ ಲೇಔಟ್‌ಗಳಲ್ಲಿ ಎಷ್ಟೋ ಸೈಟು ಸುಮ್ನೆ ಬೆಲೆ ಏರಲಿ ಅಂತ ಇಟ್ಟುಕೊಂಡಿರುವವೇ.

ಟ್ಯಾಂಕರ್ ರಸ್ತೆ:
ಬೆಂಗಳೂರನ್ನೇ ನೋಡಿ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿದರು. ಮನೆ, ಅಪಾರ್ಟ್‌ಮೆಂಟ್ ಎದ್ದವು, ಕಂದಾಯವೂ ಶುರುವಾಯ್ತು. ಆ 110 ಹಳ್ಳಿಗಳಿಗಾಗಿ 775 ಎಂಎಲ್‌ಡಿಯ (ದಿನಕ್ಕೆ 77.5 ಕೋಟಿ ಲೀಟರ್) ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಅದೇ ವರ್ಷದ ಬೇಸಿಗೆಯಲ್ಲಿ ಜನ ಟ್ಯಾಂಕರ್‌ಗೆ ಎಷ್ಟು ಸುರಿದರು ಅಂತ ಕೇಳಿ ನೋಡಿ. ನಗರದ ಬಜೆಟ್‌ನಲ್ಲಿ ಕಾಣದ ಖರ್ಚು ಮನೆಮನೆಯ ಜೇಬಿನಿಂದ ಹೋಗಿರುತ್ತೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೂಲೆಮನೆ:
ಇನ್ನೊಂದು ವಿಷಯ. ಸೈಟ್ ಮಾರಾಟವಾದಾಗ ಕಟ್ಟುವ ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕದ ಬಹುಪಾಲು ರಾಜ್ಯದ ಖಜಾನೆಗೆ. ಊರೊಳಗೆ ಬರುವ ಸರಕಿನ ಮೇಲೆ ನಗರಸಭೆಯೇ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ ತೆರಿಗೆ ಕರ್ನಾಟಕದಲ್ಲಿ 1979ರಲ್ಲೇ ಹೋಯ್ತು, ಜಾಹೀರಾತು ತೆರಿಗೆ 2017ರಲ್ಲಿ ಜಿಎಸ್‌ಟಿಯೊಳಗೆ ಸೇರಿಕೊಂಡಿತು. ಕೈಯಲ್ಲಿ ಉಳಿದ ದೊಡ್ಡ ತೆರಿಗೆ ಆಸ್ತಿ ತೆರಿಗೆ ಒಂದೇ. ಹಾಗಾಗಿ ಈ ವರ್ಷದ ಬಜೆಟ್ ತುಂಬಿಸೋಕೆ ಹೊಸ ಲೇಔಟ್‌ನ ಒಂದು ಸಲದ ಶುಲ್ಕ ಸಿಕ್ಕರೆ ಸಾಕು ಅಂತ ನಗರಸಭೆಗೆ ಅನ್ನಿಸುತ್ತೆ. ಹತ್ತು ವರ್ಷದ ನಂತರ ರಸ್ತೆ ಕಿತ್ತುಹೋದಾಗ ಇರುವ ಕೌನ್ಸಿಲರ್ ಬೇರೆ, ಕಮಿಷನರ್ ಬೇರೆ.

ಸಂತೆಬೀದಿ:
ಎಲ್ಲ ಒಪ್ಪುತ್ತೇನೆ, ಆದರೆ ಒಂದು ಎಚ್ಚರ. ಬರೀ ಆದಾಯ ನೋಡಿದರೆ ಪೌರಕಾರ್ಮಿಕರ ವಸತಿ, ಆಟದ ಮೈದಾನ, ಸಂತೆ ಮಾಳ ಯಾವುದೂ ಪಾಸಾಗಲ್ಲ. ಅವು ಬೇಕೇ ಬೇಕು. ಎಷ್ಟು ದುಡ್ಡು ಹಾಕುತ್ತಿದ್ದೇವೆ ಅಂತ ಗೊತ್ತಿದ್ದು ಹಾಕೋಣ. ಬಡವರ ಮನೆಗಳನ್ನು ಊರೊಳಗೆ ಈಗಾಗಲೇ ಪೈಪು, ಬಸ್ಸು ಇರುವ ಕಡೆ ಕಟ್ಟಿದರೆ ಖರ್ಚೂ ಕಮ್ಮಿ, ಕೆಲಸಕ್ಕೂ ಹತ್ತಿರ. ಅಗ್ಗದ ಜಾಗ ಅಂತ ಅವರನ್ನು ಮೂರು ಕಿಲೋಮೀಟರ್ ಆಚೆ ಕಳಿಸಿದರೆ ದಿನಾ ಆಟೋ ಖರ್ಚು ಅವರದೇ.

ಕೆರೆಕೋಡಿ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಆಕ್ಷೇಪಣೆಯಲ್ಲಿ ಏನೇನು ಕೇಳಲಿ?

ಹಳೇ ಲೆಕ್ಕಿಗ:
ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಸೆಕ್ಷನ್ (ಭೂ ಬಳಕೆ ಬದಲಾವಣೆಯದು) ಪ್ರಕಾರ ಬಂದ ಪ್ರಕಟಣೆ ಇರಬೇಕು, ಕೊನೇ ದಿನಾಂಕ ನೋಡಿಕೊಳ್ಳಿ. ಮೂರು ಕಿಲೋಮೀಟರ್ ಮುಖ್ಯ ಪೈಪಿನ ಖರ್ಚು ಯಾರದು, ಹಸ್ತಾಂತರದ ನಂತರ ವರ್ಷದ ನಿರ್ವಹಣೆ ಎಷ್ಟು, ಅರ್ಧ ಸೈಟು ಖಾಲಿ ಉಳಿದರೆ ಕಂದಾಯ ಎಷ್ಟು ಅಂತ ಲಿಖಿತ ಉತ್ತರ ಕೇಳಿ. ಹಳೆಯ ಲೇಔಟ್ ಒಂದರಿಂದ ಬರಬೇಕಿದ್ದ ಕಂದಾಯ, ವಸೂಲಾದದ್ದು, ಖರ್ಚಿನ ವಿವರ ಆರ್‌ಟಿಐನಲ್ಲಿ ಸಿಗುತ್ತೆ, ಅದನ್ನು ಜೊತೆಗೆ ಲಗತ್ತಿಸಿ. ಅರ್ಜಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳೋದು ಮರೀಬೇಡಿ.